ಲೆಕ್ಕ ಕೇಳಿದರೆ ನೀರು ಬಂದ್ ಮಾಡ್ತೀರಾ?

ದುಡ್ಡು ಕೊಟ್ಟವರು ಲೆಕ್ಕ ಕೇಳಿದರೆ ಅದು ಜಗಳ ಅಲ್ಲ, ಯಾರಿಗೂ ಮಾಡುವ ಅವಮಾನವೂ ಅಲ್ಲ. ಇಷ್ಟು ಸಣ್ಣ ಮಾತನ್ನು ಇಲ್ಲಿ ಬರೆದು ಹೇಳಬೇಕಾಗಿ ಬಂದಿದೆ. ಯಾಕಂದ್ರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲೆಕ್ಕ ಕೇಳಿದ ಮನೆಯ ನೀರನ್ನೇ ಬಂದ್ ಮಾಡಿದರು.

ನಾವಿರುವುದು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ. ಅಪಾರ್ಟ್‌ಮೆಂಟಿನ ಹೆಸರು ಬರೆಯುವುದಿಲ್ಲ. ಯಾರ ಮಾನ ತೆಗೆಯುವುದೂ ನನಗೆ ಬೇಕಿಲ್ಲ. ಕೇಶ್ವಾಪುರ, ವಿದ್ಯಾನಗರ, ಧಾರವಾಡದ ಸಪ್ತಾಪುರದಲ್ಲಿ ಫ್ಲಾಟ್ ತಗೊಂಡ ಗೆಳತಿಯರ ಜೊತೆ ಮಾತಾಡಿದರೆ ಅಲ್ಲೂ ಹೆಚ್ಚುಕಡಿಮೆ ಇದೇ ಗೋಳು. ನಮ್ಮಲ್ಲಿ ಫ್ಲಾಟ್ ತಗೊಂಡವರಲ್ಲಿ ಜಾಸ್ತಿ ಜನ ನಿವೃತ್ತರು. ರೈಲ್ವೆ, ಬ್ಯಾಂಕು, ಶಾಲೆ ಅಂತ ಜೀವನವೆಲ್ಲ ದುಡಿದು, ಬಂದ ಪಿಎಫ್, ಗ್ರಾಚ್ಯುಟಿ ಸುರಿದವರು. ಮಕ್ಕಳು ಬೆಂಗಳೂರು, ಪುಣೆಯಲ್ಲಿ. ನಾನೂ ಬ್ಯಾಂಕಿನಲ್ಲಿ ಇದ್ದವಳೇ. ವೋಚರ್ ಇಲ್ಲದೆ ಒಂದು ರೂಪಾಯಿಯೂ ಆ ಕಡೆಯಿಂದ ಈ ಕಡೆ ಹೋಗಬಾರದು ಅನ್ನುವ ಶಿಸ್ತಿನಲ್ಲಿ ಬೆಳೆದವಳು.

ಎಲ್ಲ ಶುರುವಾಗಿದ್ದು ಟೆರೇಸಿನಿಂದ. 2021ರಲ್ಲಿ ನಮ್ಮ ಕೈಗೆ ಕೀಲಿ ಬಂತು. 2024ರ ಮಳೆಗಾಲದಲ್ಲಿ ಮೇಲಿನ ಮಹಡಿಯ ಮನೆಗಳು ಸೋರತೊಡಗಿದವು. ಒಂದು ಮನೆಯ ದೇವರ ಕೋಣೆಯ ಗೋಡೆ ಪೂರ್ತಿ ಹಸಿ ಹಿಡಿದು ಬಣ್ಣ ಎದ್ದು ಬಂತು. ಫ್ಲಾಟಿನವರ ಅಸೋಸಿಯೇಷನ್ ನಡೆಸುವ ಕಮಿಟಿಯವರು ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದರು. ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಮನೆಗೆ 15,000 ರೂಪಾಯಿ, ತಿಂಗಳ ಕೊನೆಯೊಳಗೆ ಕಟ್ಟಿ. ಕೊಟೇಶನ್ ಇಲ್ಲ. ಯಾರು ಮಾಡ್ತಾರೆ ಅಂತಿಲ್ಲ. ಎಷ್ಟು ಚದರ ಅಡಿ, ಏನು ದರ, ಒಂದೂ ಇಲ್ಲ.

ಈಗ ಕಾನೂನು ಏನು ಹೇಳುತ್ತದೆ ನೋಡಿ. ಬಿಲ್ಡರ್‌ಗಳ ಮೇಲೆ ನಿಗಾ ಇಡಲು ತಂದ 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು, ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಮಗಿದೆ. ನಮ್ಮ ಕಟ್ಟಡಕ್ಕೆ ಆಗಿನ್ನೂ ಮೂರು ವರ್ಷ. ಅಂದರೆ ಬಿಲ್ಡರ್ ಪುಕ್ಕಟೆ ಮಾಡಿಕೊಡಬೇಕಾದ ಕೆಲಸಕ್ಕೆ ನಮ್ಮ ಕಮಿಟಿ ನಮ್ಮ ಹತ್ತಿರ ದುಡ್ಡು ಎತ್ತಲು ಹೊರಟಿತ್ತು.

ಸಭೆ ಕರೆದರು. ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾರುಗಳ ನಡುವೆ ಕೂತೆವು. ನಾನು ಎದ್ದು, "ಸಾಹೇಬ್ರ, ಬಿಲ್ಡರ್‌ಗೆ ಇದರ ಬಗ್ಗೆ ಒಂದ್ ಪತ್ರ ಬರದೀರೇನ್ರಿ?" ಅಂತ ಕೇಳಿದೆ. ಅಧ್ಯಕ್ಷರು ನಕ್ಕರು. "ಅಕ್ಕಾರ, ಅವರು ನಮ್ಮ ಮಂದೀನ ಅದಾರ. ಪತ್ರಾ ಗಿತ್ರಾ ಅಂತ ಹೋದ್ರ ಮನಸ್ಸು ಕೆಡ್ತಾವ. ಹದಿನೈದು ಸಾವಿರ ಏನ್ ದೊಡ್ಡದ್ರೀ?" ಅಂದರು. ಹಿಂದಿನ ಸಾಲಿನಿಂದ ಯಾರೋ, "ನಮ್ಮ ಮ್ಯಾಲೆ ನಂಬಿಕಿ ಇಲ್ಲಂದ್ರ ನೀವ ಬಂದ್ ಕುಂದರ್ರಿ ಕಮಿಟ್ಯಾಗ" ಅಂದರು. ಅಲ್ಲಿಗೆ ಸಭೆ ಮುಗಿಯಿತು, ಚಹಾ ಬಂತು.

ಈ ನಂಬಿಕೆಯ ಮಾತು ನನಗೆ ಬಹಳ ಸಿಟ್ಟು ತರಿಸುತ್ತದೆ. ಯಾವ ಅಸೋಸಿಯೇಷನ್‌ಗೆ ಹೋದರೂ ಲೆಕ್ಕ ಕೇಳಿದ ಕೂಡಲೇ ಎದುರಿಗೆ ಇಡುವ ಅಡ್ಡಗೋಡೆ ಇದು. ಇಲ್ಲಿ ನಂಬಿಕೆಯ ಪ್ರಶ್ನೆ ಎಲ್ಲಿಂದ ಬಂತು? ಫ್ಲಾಟ್ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ. ಕೆಳಗಿನ ನೆಲ, ಮೆಟ್ಟಿಲು, ಲಿಫ್ಟು, ಸಂಪು, ಬೋರ್‌ವೆಲ್, ಟೆರೇಸು, ಇವೆಲ್ಲದರಲ್ಲೂ ನಮಗೆ ಅವಿಭಜಿತ ಪಾಲಿದೆ. ಖರೀದಿ ಪತ್ರದ ಶೆಡ್ಯೂಲ್ ತೆಗೆದು ನೋಡಿ, ಅಂಕಿ ಸಮೇತ ಬರೆದಿರುತ್ತದೆ. ಆ ಪಾಲನ್ನು ಫ್ಲಾಟಿನಿಂದ ಬೇರೆ ಮಾಡಿ ಮಾರಲೂ ಬರುವುದಿಲ್ಲ. ಅಸೋಸಿಯೇಷನ್ ಅದಕ್ಕೆ ಮಾಲೀಕ ಅಲ್ಲ, ನೋಡಿಕೊಳ್ಳಲು ನಾವು ಇಟ್ಟ ವ್ಯವಸ್ಥೆ. ಹೊಲ ನೋಡಿಕೊಳ್ಳಲು ಇಟ್ಟವನು ಹೊಲದವನಿಗೇ ರಾಶಿಯ ಲೆಕ್ಕ ಹೇಳುವುದಿಲ್ಲ ಅಂದರೆ ಒಪ್ಪುತ್ತೀರಾ?

ಇನ್ನು ನೀರಿನ ವಿಷಯ. ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಒಬ್ಬ ಕಾಕು ಇದ್ದಾರೆ. ಮೊಣಕಾಲು ನೋವು, ಬಿಪಿ. ಮಗ ಪುಣೆಯಲ್ಲಿ. ಅವನು ಕಮಿಟಿಗೆ ಬಹಳ ಮರ್ಯಾದೆಯಿಂದಲೇ ಒಂದು ಇಮೇಲ್ ಬರೆದಿದ್ದ. ಕೊಟೇಶನ್ ಮತ್ತು ಬಿಲ್ಲಿನ ಪ್ರತಿ ಕಳಿಸಿ, ನೋಡಿದ ತಕ್ಷಣ ದುಡ್ಡು ಹಾಕ್ತೇನೆ ಅಂತ. ಪ್ರತಿ ತಿಂಗಳ ಮೇಂಟೆನೆನ್ಸ್ ಒಂದೂ ಬಾಕಿ ಇರಲಿಲ್ಲ. ಆದರೂ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಬಾಕಿದಾರರ ಪಟ್ಟಿ ಅಂಟಿಸಿ ಕಾಕು ಹೆಸರು ಮೊದಲು ಹಾಕಿದರು. ಹೆಸರಿನ ಕೆಳಗೆ ಕೆಂಪು ಗೆರೆ. ಹಾಲಿನವರು, ಕೆಲಸದವರು, ಬಂದು ಹೋಗುವ ನೆಂಟರು ಎಲ್ಲರೂ ಓದುವ ಜಾಗ ಅದು. ಆಮೇಲೆ ಒಂದು ದಿನ ಪ್ಲಂಬರ್ ಟೆರೇಸಿಗೆ ಹೋಗಿ ಅವರ ಮನೆಯ ಲೈನಿನ ವಾಲ್ವ್ ತಿರುಗಿಸಿ, ಮತ್ತೆ ಯಾರೂ ತೆಗೆಯಬಾರದು ಅಂತ ತಂತಿ ಸುತ್ತಿ ಬಂದ.

ನಮ್ಮೂರಲ್ಲಿ ನೀರು ಅಂದರೆ ಏನು ಅಂತ ಬೇರೆ ಯಾರಿಗೂ ಹೇಳಬೇಕಿಲ್ಲ. ಮಲಪ್ರಭೆಯ ನೀರು ಯಾವಾಗ ಬಿಡ್ತಾರೋ ಅಂತ ದಿನ ಎಣಿಸಿ, ಸಂಪು ತುಂಬಿಸಿ, ಸಾಲದೆ ಬಂದರೆ ಟ್ಯಾಂಕರ್ ತರಿಸುವವರು ನಾವು. ಅಂಥ ಊರಲ್ಲಿ ಒಬ್ಬ ಮುದುಕಿಯ ನಲ್ಲಿ ನಿಲ್ಲಿಸಿದರು. ಪಕ್ಕದ ಮನೆಯ ಹುಡುಗರು ಬಕೆಟ್ ತುಂಬಿಸಿ ಕೊಟ್ಟರು. ಕಾಕು ಯಾರಿಗೂ ಬೈಯಲಿಲ್ಲ. "ನಮ್ಮ ಮಗ ಏನ್ ತಪ್ಪ ಕೇಳ್ಯಾನಬೇ?" ಅಂತ ನನ್ನನ್ನು ಒಂದೇ ಮಾತು ಕೇಳಿದರು.

ಬಾಕಿ ಇದ್ದರೆ ವಸೂಲಿ ಮಾಡುವುದಕ್ಕೆ ಕಾನೂನಿನಲ್ಲೇ ದಾರಿ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಕೊಡದೆ ಉಳಿದ ಸಾಮಾನ್ಯ ಖರ್ಚಿನ ಪಾಲು ಆ ಫ್ಲಾಟಿನ ಮೇಲೇ ಬೋಜಾ, ಅಂದರೆ ಸಾಲದ ಹೊರೆ ಆಗಿ ಕೂರುತ್ತದೆ. ನೋಟಿಸ್ ಕೊಡಿ, ಕೋರ್ಟಿಗೆ ಹೋಗಿ. ಆಸ್ತಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಅದನ್ನು ಬಿಟ್ಟು ನೀರು ನಿಲ್ಲಿಸುವುದು, ಬೋರ್ಡಿನಲ್ಲಿ ಹೆಸರು ಹಾಕಿ ಮರ್ಯಾದೆ ಕಳೆಯುವುದು ಶುದ್ಧ ದಬ್ಬಾಳಿಕೆ. ಇದನ್ನು ನಾನು ಕಮಿಟಿಯವರ ಮುಖಕ್ಕೇ ಹೇಳಿದ್ದೇನೆ. ನಾವೊಂದಿಷ್ಟು ಜನ ಒಟ್ಟಾಗಿ ಟೆರೇಸಿಗೆ ಹೋಗಿ ತಂತಿ ಬಿಚ್ಚಿಸಿ ವಾಲ್ವ್ ತೆಗೆಸಿದ ಮೇಲೆ ಕಾಕು ಮನೆಗೆ ನೀರು ಬಂತು. ಕ್ಷಮೆ ಮಾತ್ರ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಅದೇ ವಾರ ನಾವೇ ಬಿಲ್ಡರ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿದೆವು. ಸೋರಿದ ಮನೆಗಳ ಫೋಟೊ ಇಟ್ಟು, ರೇರಾದ 5 ವರ್ಷದ ಮಾತನ್ನು ಸ್ಪಷ್ಟವಾಗಿ ಬರೆದೆವು. ಟೆರೇಸಿನ ಅರ್ಧ ಭಾಗ ಅವರೇ ಬಂದು ಮಾಡಿಸಿಕೊಟ್ಟರು. ಉಳಿದರ್ಧಕ್ಕೆ ಇನ್ನೂ ಪತ್ರ ಓಡಾಡುತ್ತಿವೆ. ಮೊದಲೇ ದುಡ್ಡು ಕಟ್ಟಿದ ಮನೆಗಳಿಗೆ ಆ ಹಣ ವಾಪಸ್ ಬಂದಿಲ್ಲ. ಎಲ್ಲಿದೆ ಅಂತ ಕೇಳಿದರೆ "ಫಂಡಿನ್ಯಾಗ ಐತಿ" ಅನ್ನುತ್ತಾರೆ.

ಫಂಡಿನ ಲೆಕ್ಕ ಹೇಗಿರುತ್ತದೆ ಅಂತಲೂ ಹೇಳಬೇಕು. ವರ್ಷಕ್ಕೊಮ್ಮೆ ಒಂದು ಹಾಳೆ ಅಂಟಿಸುತ್ತಾರೆ. ವಾಚ್‌ಮನ್ ಸಂಬಳ, ಲಿಫ್ಟ್ ಎಎಂಸಿ (ವರ್ಷದ ದುರಸ್ತಿ ಕರಾರು), ಹೆಸ್ಕಾಂ ಬಿಲ್, ಜನರೇಟರ್ ಡೀಸೆಲ್, ಟ್ಯಾಂಕರ್. ಕೊನೆಯ ಸಾಲು, "ಇತರೆ". ಕಳೆದ ಸಲ ಆ ಇತರೆ ಅನ್ನುವ ಸಾಲು ಇಡೀ ವರ್ಷದ ವಾಚ್‌ಮನ್ ಸಂಬಳಕ್ಕಿಂತ ದೊಡ್ಡದಿತ್ತು. ಟ್ಯಾಂಕರ್ ಎಷ್ಟು ಬಂದವು, ಯಾವ ದಿನ ಬಂದವು ಅಂತ ಗೇಟಿನ ರಿಜಿಸ್ಟರ್‌ನಲ್ಲಿ ಬರೆಯುವುದು ಎಷ್ಟು ಹೊತ್ತಿನ ಕೆಲಸ? ವಾಚ್‌ಮನ್‌ಗೆ ಒಂದು ನೋಟ್‌ಬುಕ್ ಕೊಟ್ಟರೆ ಸಾಕಲ್ವಾ?

ದುಡ್ಡು ಕೂಡಿಸಿ, ಲೆಕ್ಕ ಇಟ್ಟು, ಒಟ್ಟಿಗೆ ನಡೆಸುವುದು ನಮ್ಮ ಸೀಮೆಗೆ ಹೊಸದೇನಲ್ಲ. 1905ರಲ್ಲಿ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮಾತು ಬಂದಾಗಲೆಲ್ಲ ಆ ಹಳ್ಳಿಯ ಹೆಸರು ಬರುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಒಂದು ಹಳ್ಳಿಯ ರೈತರಿಗೆ ಸಾಧ್ಯವಾದದ್ದು, ಕಂಪ್ಯೂಟರ್ ಇಟ್ಟುಕೊಂಡ ಹುಬ್ಬಳ್ಳಿಯ ಓದಿದವರಿಗೆ ಆಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಬಹಳ ಅಸೋಸಿಯೇಷನ್‌ಗಳಲ್ಲಿ ಬುಡದಲ್ಲೇ ಒಂದು ತಪ್ಪಿರುತ್ತದೆ, ನೋಂದಣಿಯದು. ಸುಲಭ ಅಂತ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಸಿರುತ್ತಾರೆ. ಅದು ಕಲೆ, ಸಾಹಿತ್ಯ, ಕ್ರೀಡೆ, ದಾನಧರ್ಮದಂಥ ಕೆಲಸ ಮಾಡುವ ಸಂಘಗಳಿಗಾಗಿ ಇರುವ ಕಾಯ್ದೆ. ಫ್ಲಾಟಿನವರಿಗೆ ಅಂತಲೇ 1972ರ ಕಾಯ್ದೆ ಇದೆ. ಅದರಲ್ಲಿ ಡಿಕ್ಲರೇಷನ್ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಯಾವ ಫ್ಲಾಟಿಗೆ ಶೇಕಡಾ ಎಷ್ಟು ಪಾಲು ಅಂತ ಅದರಲ್ಲಿ ಇರುತ್ತದೆ. ಜೊತೆಗೆ ಬೈಲಾ, ಅಂದರೆ ಅಸೋಸಿಯೇಷನ್ ನಡೆಸುವ ನಿಯಮಗಳು. ಸಾಮಾನ್ಯ ಖರ್ಚನ್ನು ಆ ಪಾಲಿನ ಪ್ರಕಾರವೇ ಹಂಚಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮಲ್ಲಿ ಎರಡು ಬೆಡ್‌ರೂಮಿನವರಿಗೂ ಮೂರು ಬೆಡ್‌ರೂಮಿನವರಿಗೂ ಒಂದೇ ದುಡ್ಡು. ಪಿಂಚಣಿಯಲ್ಲಿ ಬದುಕುವ ಸಣ್ಣ ಮನೆಯವರು ದೊಡ್ಡ ಮನೆಯವರ ಖರ್ಚನ್ನೂ ಹೊರುತ್ತಿದ್ದಾರೆ.

ವಿದ್ಯಾನಗರದ ಗೆಳತಿಗೆ ಮೇಂಟೆನೆನ್ಸ್ ಮೇಲೆ ಜಿಎಸ್‌ಟಿ ಅಂತ ಬೇರೆ ಹಾಕುತ್ತಿದ್ದರು. ತಿಂಗಳಿಗೆ ಒಂದು ಮನೆಗೆ ಮೇಂಟೆನೆನ್ಸ್ 7,500 ರೂಪಾಯಿ ದಾಟದಿದ್ದರೆ ಆ ತೆರಿಗೆ ಬರುವುದೇ ಇಲ್ಲ. ಅವಳು ಕೊಡುವುದು ಅದರ ಅರ್ಧವೂ ಇಲ್ಲ. ಬರೆದು ಕೇಳಿದ ಮೇಲೆ ನಿಂತಿತು. ಪಾರ್ಕಿಂಗ್ ಕಥೆ ಎಲ್ಲರಿಗೂ ಗೊತ್ತಿರುವುದೇ. ಮುಂಬೈನ ಒಂದು ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್, ಸ್ಟಿಲ್ಟ್ ಪಾರ್ಕಿಂಗನ್ನು (ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗ) ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಅಂತ ಹೇಳಿದೆ. ನಮ್ಮಲ್ಲಿ ಆಮೇಲೂ ಬಿಳಿ ಹಾಳೆಯ ಮೇಲೆ ರಸೀದಿ ಕೊಟ್ಟು ಮಾರಿದ್ದಾರೆ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಖರೀದಿ ಪತ್ರ ನನ್ನ ಹೆಸರಲ್ಲಿದೆ, ಮತ ನನ್ನದು, ಚೆಕ್ ಬರೆಯುವವಳು ನಾನು. ಆದರೂ ಏನಾದರೂ ಹೇಳಬೇಕಾದರೆ ಕಮಿಟಿಯವರು ಬೆಂಗಳೂರಿನಲ್ಲಿರುವ ನನ್ನ ಮಗನಿಗೆ ಫೋನ್ ಮಾಡುತ್ತಾರೆ. "ನಿಮ್ಮ ಅವ್ವಾರಿಗೆ ಸ್ವಲ್ಪ ತಿಳಿಸಿ ಹೇಳ್ರಿ" ಅಂತ. ನನ್ನ ಮನೆಯ ವಿಷಯ ನನಗೇ ಹೇಳಿ. ನಾನು ಇಲ್ಲೇ, ಎರಡನೇ ಮಹಡಿಯಲ್ಲೇ ಇದ್ದೇನೆ.

ಕಮಿಟಿಯವರ ಕಷ್ಟವೂ ನನಗೆ ಗೊತ್ತು. ಸಂಬಳ ಇಲ್ಲದ ಕೆಲಸ. ರಾತ್ರಿ ಹನ್ನೊಂದಕ್ಕೆ ಲಿಫ್ಟ್ ನಿಂತರೆ ಅವರೇ ಇಳಿದು ಬರಬೇಕು. ಕೆಳಗಿನ ಮನೆಯವರು "ನಾವು ಲಿಫ್ಟ್ ಹತ್ತೂದಿಲ್ಲ, ರೊಕ್ಕಾ ಯಾಕ ಕೊಡೂಣ್ರಿ?" ಅಂತ ವಾದಕ್ಕೆ ನಿಲ್ಲುತ್ತಾರೆ. ಅದೂ ತಪ್ಪೇ. ನಾನು ಬಳಸುವುದಿಲ್ಲ ಅಂತ ಹೇಳಿ ಸಾಮಾನ್ಯ ಖರ್ಚಿನ ಪಾಲು ತಪ್ಪಿಸಿಕೊಳ್ಳಲು ಅದೇ 1972ರ ಕಾಯ್ದೆಯಲ್ಲಿ ಅವಕಾಶ ಇಲ್ಲ. ವರ್ಷಗಟ್ಟಲೆ ಮೇಂಟೆನೆನ್ಸ್ ಕೊಡದೆ, ಸಭೆಗೂ ಬರದೆ, ಗುಂಪಿನಲ್ಲಿ ಮಾತ್ರ ಜೋರು ಮಾಡುವವರ ಪರ ನಾನಿಲ್ಲ. ಆದರೆ ನೋಡಿ, ಇಂಥವರ ಬಾಯಿ ಮುಚ್ಚಿಸಲಿಕ್ಕೂ ಕಮಿಟಿಯ ಕೈಯಲ್ಲಿ ಬೇಕಾದದ್ದು ತೆರೆದಿಟ್ಟ ಲೆಕ್ಕವೇ.

ಮುಂದಿನ ಸರ್ವಸಾಧಾರಣ ಸಭೆಗೆ ನಾವೊಂದಿಷ್ಟು ಮನೆಯವರು ಲಿಖಿತವಾಗಿ ವಿಷಯ ಕೊಟ್ಟಿದ್ದೇವೆ. ಕಳೆದ ಮೂರು ವರ್ಷದ ಬಿಲ್, ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೇಜಿನ ಮೇಲೆ ಇಡಬೇಕು, ಬೇಕಾದವರು ನೋಡಬೇಕು. ಟೆರೇಸಿಗೆ ಅಂತ ಎತ್ತಿದ ದುಡ್ಡು ಕೊಟ್ಟವರಿಗೆ ವಾಪಸ್ ಆಗಬೇಕು. ಬಿಲ್ಡರ್ ಕೊಡಬೇಕಾಗಿದ್ದ ನಕ್ಷೆ, ಪಾಲಿಕೆಯ ಕಾಗದ, ಲಿಫ್ಟ್ ಲೈಸೆನ್ಸ್ ಎಲ್ಲಿವೆ ಅಂತ ತೋರಿಸಬೇಕು. ಯಾವ ಮನೆಯ ನೀರನ್ನೂ ಯಾವ ಕಾರಣಕ್ಕೂ ನಿಲ್ಲಿಸುವುದಿಲ್ಲ ಅಂತ ಠರಾವು ಆಗಬೇಕು. 1972ರ ಕಾಯ್ದೆಯಡಿ ನೋಂದಣಿಗೆ ವಕೀಲರ ಸಲಹೆ ತಗೋಬೇಕು. ಸಭೆಯಲ್ಲಿ ಆಗದಿದ್ದರೆ, ಬಿಲ್ಡರ್ ಮೇಲಿನ ದೂರಿಗೆ ರೇರಾ ಪ್ರಾಧಿಕಾರ ಇದೆ, ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಮಿಟಿಯ ಮೇಲಿನ ದೂರಿಗೆ ಸಿವಿಲ್ ಕೋರ್ಟ್ ಇದೆ. ಅಲ್ಲಿಯವರೆಗೆ ಹೋಗದೇ ಮುಗಿಯಲಿ ಅನ್ನುವುದು ನನ್ನ ಆಸೆ. ಇವರೆಲ್ಲ ನಮ್ಮ ಅಕ್ಕಪಕ್ಕದವರೇ, ಹಬ್ಬಕ್ಕೆ ಹೋಳಿಗೆ ಕೊಟ್ಟು ತಗೊಳ್ಳುವವರೇ.

ಇನ್ನೊಂದು. ನಮ್ಮ ಬೈಲಾ ಇರುವುದು ಪೂರ್ತಿ ಇಂಗ್ಲಿಷಿನಲ್ಲಿ, ಅದೂ ವಕೀಲರ ಇಂಗ್ಲಿಷ್. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಓದದೆಯೇ ಸಹಿ ಹಾಕಿದ್ದಾರೆ. ಸಭೆ ಹೇಗೆ ಕರೆಯಬೇಕು, ಲೆಕ್ಕ ಯಾವಾಗ ಒಪ್ಪಿಸಬೇಕು, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ ಅನ್ನುವ ಭಾಗಗಳನ್ನು ಕನ್ನಡಕ್ಕೆ ಮಾಡಿ ಮುಗಿಸಿದ್ದೇನೆ, ಉಳಿದದ್ದು ನಡೆದಿದೆ. ನಿಮ್ಮ ಬೈಲಾ ಬೇರೆ ಇರಬಹುದು, ಆದರೆ ಓದುವ ದಾರಿ ಗೊತ್ತಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಬೇಕಿದ್ದರೆ ಕೆಳಗೆ ತಿಳಿಸಿ, ಕಳಿಸಿಕೊಡುತ್ತೇನೆ.