ಐಎನ್‌ಎಸ್ ಚಕ್ರದಲ್ಲಿ ರಿಯಾಕ್ಟರ್ ಸೋರಿ 20 ಭಾರತೀಯರು ಸತ್ತರೇ? ಇಲ್ಲ

'ನಮ್ಮ ಅಣುಶಕ್ತಿ ಸಬ್‌ಮರೀನ್ ಚಕ್ರದಲ್ಲಿ ವಿಕಿರಣ ಸೋರಿ 20 ನಾವಿಕರು ಸತ್ತರು' ಎಂಬ ಮೆಸೇಜ್ ಓಡಾಡುತ್ತಿದೆ. 20 ಜನ ಸತ್ತಿದ್ದು ನಿಜ. ಉಳಿದದ್ದು ತಪ್ಪು.

ಅವಘಡ ಆಗಿದ್ದು 2008ರ ನವೆಂಬರ್ 8ರಂದು, ಜಪಾನ್ ಸಮುದ್ರದಲ್ಲಿ. ಆಗ ಆ ಹಡಗು ರಷ್ಯಾದ್ದು, ಹೆಸರು ನೆರ್ಪಾ. ಸಮುದ್ರದಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು. ಸತ್ತವರಲ್ಲಿ ಭಾರತೀಯರು ಒಬ್ಬರೂ ಇರಲಿಲ್ಲ.

ರಿಯಾಕ್ಟರ್‌ಗೆ ಏನೂ ಆಗಿರಲಿಲ್ಲ, ವಿಕಿರಣವೂ ಸೋರಲಿಲ್ಲ. ಜೀವ ತೆಗೆದದ್ದು ಬೆಂಕಿ ನಂದಿಸುವ ವ್ಯವಸ್ಥೆ. ಬೆಂಕಿಯೇ ಇಲ್ಲದಾಗ ಅದು ಚಾಲೂ ಆಗಿ, ಮುಚ್ಚಿದ ವಿಭಾಗಗಳಿಗೆ ಫ್ರಿಯಾನ್ ಜಾತಿಯ ಅನಿಲ ನುಗ್ಗಿತು. ಬೆಂಕಿ ಆರಿಸುವ ಆ ಅನಿಲ ಉಸಿರಾಡುವ ಗಾಳಿಯನ್ನೂ ತಳ್ಳಿಬಿಡುತ್ತದೆ. ಕೈಗೆ ಮಾಸ್ಕ್ ಸಿಗದವರಿಗೆ ಕೆಲವೇ ಕ್ಷಣಗಳ ಸಮಯ. ಅನಿಲದಲ್ಲಿ ಇರಬಾರದ ವಿಷಕಾರಿ ದ್ರಾವಕ, ಟೆಟ್ರಾಕ್ಲೋರೋಎಥಿಲೀನ್, ಬೆರೆತಿದ್ದೂ ತನಿಖೆಯಲ್ಲಿ ಗೊತ್ತಾಯಿತು. ನನಗೆ ಇದೇ ಜಾಸ್ತಿ ಸಿಟ್ಟು ತರಿಸುವ ಸಂಗತಿ.

ಹಡಗಿನಲ್ಲಿ ಅಂದು 208 ಜನ ಇದ್ದರು, ಅವರಲ್ಲಿ ಸೈನಿಕರು 81 ಮಾತ್ರ. ಸತ್ತ 20 ಮಂದಿಯಲ್ಲಿ 17 ಜನ ನಾಗರಿಕರೇ. ಅವರನ್ನು ಸುಮ್ನೆ 'ನಾವಿಕರು' ಅಂದುಬಿಟ್ಟರೆ ಹಡಗು ಪರೀಕ್ಷಿಸಲು ಹೋಗಿದ್ದ ಕೆಲಸಗಾರರನ್ನೇ ಮರೆತ ಹಾಗೆ ಅಲ್ವಾ?

ಒಬ್ಬ ನಾವಿಕ ಗುಂಡಿ ಒತ್ತಿದ ಅಂತಲೂ ಮೆಸೇಜ್‌ನಲ್ಲಿದೆ. ಅವನ ಮೇಲೆ ಆ ಆರೋಪ ಇತ್ತು, ಆದರೆ 2011ರಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು.

ದುರಸ್ತಿಯಾದ ಆ ಹಡಗು ಗುತ್ತಿಗೆಯ ಮೇಲೆ ಭಾರತದ ನೌಕಾಪಡೆ ಸೇರಿ ಚಕ್ರ ಆಗಿದ್ದು 2012ರ ಏಪ್ರಿಲ್‌ನಲ್ಲಿ, ವಿಶಾಖಪಟ್ಟಣದಲ್ಲಿ. 2021ರಲ್ಲಿ ಅದು ರಷ್ಯಾಕ್ಕೆ ಮರಳಿತು.