ಕತ್ತಿ ಕೆಳಗಿಟ್ಟ ಮೇಲಿನ ಕತೆ

ನೂರು ಜನರನ್ನು ಒಬ್ಬನೇ ಎದುರಿಸಿ ಬದುಕಿ ಉಳಿದವನು ಆಮೇಲೆ ಏನು ಮಾಡುತ್ತಾನೆ? ಹೆಚ್ಚಿನ ಸಿನಿಮಾಗಳು ಅದನ್ನು ತೋರಿಸುವುದೇ ಇಲ್ಲ. ಕೊನೆಯವನು ಬಿದ್ದ ಕೂಡಲೇ ದೃಶ್ಯ ಮುಗಿಯುತ್ತದೆ. ಕೆಂಟಾರೊ ಮಿಯುರಾ ಅವರ 'ಬರ್ಸರ್ಕ್' ಅನ್ನುವ ಮಾಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ, ಹಾಗಲ್ಲ. ಬೆಳಗಾಗುವ ಹೊತ್ತಿಗೆ ಗೆಳೆಯರು ಹುಡುಕಿಕೊಂಡು ಬಂದರೆ, ಕಥಾನಾಯಕ ಗಟ್ಸ್ ಹೆಣಗಳ ನಡುವೆ ಸುಸ್ತಾಗಿ ಕೂತಿದ್ದಾನೆ. ಮೈಯೆಲ್ಲ ಗಾಯ. ಶಿಬಿರಕ್ಕೆ ಬಂದ ಮೇಲೆ ಜೊತೆಯ ಯೋಧೆ ಕಾಸ್ಕಾ ಔಷಧಿ ಹಚ್ಚುತ್ತಾಳೆ. ರಾತ್ರಿ ಇಬ್ಬರೂ ದಿಬ್ಬದ ಮೇಲಿಂದ ಕೆಳಗೆ ನೋಡುತ್ತಾರೆ. ಅವರ ದಂಡಿನವರು ಅಲ್ಲಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದಾರೆ. ಒಂದೊಂದು ಬೆಂಕಿಯೂ ಒಬ್ಬೊಬ್ಬರ ಸಣ್ಣ ಕನಸು ಅಂತ ಗಟ್ಸ್‌ಗೆ ಅನಿಸುತ್ತದೆ. ಎಲ್ಲರೂ ತಮ್ಮ ತಮ್ಮ ಕಿಡಿ ತಂದು ನಾಯಕ ಗ್ರಿಫಿತ್‌ನ ದೊಡ್ಡ ಬೆಂಕಿಗೆ ಸೇರಿಸಿದ್ದಾರೆ. ಅದರಲ್ಲಿ ತನ್ನದು ಮಾತ್ರ ಇಲ್ಲ.

ಆ ಪುಟಗಳಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಆದರೆ ಹಿಂದಿನ ರಾತ್ರಿಯ ಆ ಹೊಡೆದಾಟ ಇಲ್ಲದಿದ್ದರೆ ಈ ಮಾತುಕತೆ ಎದೆಗೆ ನಾಟುತ್ತಲೇ ಇರಲಿಲ್ಲ.

ಮೊನ್ನೆ ಮನೆಗೆ ಬಂದಿದ್ದ ಅತ್ತಿಗೆ ಪುಸ್ತಕ ಕೈಗೆತ್ತಿಕೊಂಡು ನಾಲ್ಕು ಪುಟ ತಿರುಗಿಸಿ ಮುಚ್ಚಿಟ್ಟರು. "ಮಕ್ಕಳ ಕಾಮಿಕ್ಸ್ ಅಂದ್ಕೊಂಡಿದ್ನಲ್ಲೋ. ಇಂಥದ್ದನ್ನ ಅದು ಹೇಗೆ ಓದ್ತೀಯಾ ನೀನು?" ಅಂದರು. ನ್ಯಾಯವಾದ ಪ್ರಶ್ನೆ. ಆಗ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಎರಡು ದಿನ ಅದೇ ತಲೆಯಲ್ಲಿ ಓಡುತ್ತಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. (ಕತೆಯ ಮುಖ್ಯ ತಿರುವುಗಳು ಇಲ್ಲಿ ಬರುತ್ತವೆ. ಪುಸ್ತಕವನ್ನು ಮುಂದೆ ಓದಬೇಕು ಅಂದುಕೊಂಡಿರುವವರು ಇಲ್ಲಿಗೇ ನಿಲ್ಲಿಸಬಹುದು.)

ಇದು ಮಕ್ಕಳದ್ದಲ್ಲ, ಅಷ್ಟು ಮೊದಲೇ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಮಾಂಗಾ ಪತ್ರಿಕೆಗಳು ವಯಸ್ಸಿನ ಪ್ರಕಾರವೇ ಬೇರೆ ಬೇರೆ. ಹುಡುಗರದ್ದು 'ಶೋನೆನ್', ವಯಸ್ಸಿಗೆ ಬಂದವರದ್ದು 'ಸೈನೆನ್'. ಬರ್ಸರ್ಕ್ 1989ರಲ್ಲಿ ಶುರುವಾಗಿದ್ದೇ ಸೈನೆನ್ ಪತ್ರಿಕೆಯೊಂದರಲ್ಲಿ. 1992ರಿಂದ 'ಯಂಗ್ ಆನಿಮಲ್'ನಲ್ಲಿ ಬರುತ್ತಿದೆ. ಇಂಗ್ಲಿಷ್ ಸಂಪುಟಗಳ ಮೇಲೂ ದೊಡ್ಡವರಿಗೆ ಮಾತ್ರ ಅನ್ನುವ ಎಚ್ಚರಿಕೆ ಇರುತ್ತದೆ. ಚಿತ್ರಗಳಿವೆ ಅಂದ ತಕ್ಷಣ ಮಕ್ಕಳ ಪುಸ್ತಕ ಅಂದುಕೊಳ್ಳುವುದು ನಮ್ಮಲ್ಲಿ ಜಾಸ್ತಿ. ಮನೆಯಲ್ಲಿ ಚಿಕ್ಕವರಿದ್ದರೆ ಇದನ್ನು ಮೇಲಿನ ಕಪಾಟಿನಲ್ಲೇ ಇಡಿ.

ನಾನೂ ಇದನ್ನು ಮೊದಲ ಸಲ ಓದಿ ಬಿಟ್ಟವನೇ. ಆಗ ನನಗೆ ಇಪ್ಪತ್ತು. ಮೊದಲ ಸಂಪುಟದಲ್ಲಿ ಕಪ್ಪು ಬಟ್ಟೆಯ ಒಕ್ಕಣ್ಣ, ಅವನಿಗಿಂತ ಉದ್ದದ ಕತ್ತಿ, ಸಿಕ್ಕಸಿಕ್ಕ ರಾಕ್ಷಸರನ್ನೆಲ್ಲ ಸೀಳಿ ಹಾಕುವುದು. ಬರೀ ಕ್ರೌರ್ಯ ಅನಿಸಿತು. ಈಗಲೂ ಮೊದಲ ಮೂರು ಸಂಪುಟ ಒರಟಾಗಿವೆ ಅಂತಲೇ ನನ್ನ ಅಭಿಪ್ರಾಯ.

ಮತ್ತೆ ಕೈಗೆತ್ತಿಕೊಂಡಿದ್ದು ಮೂವತ್ತಮೂರನೇ ವಯಸ್ಸಿನಲ್ಲಿ. ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲೇಟ್ ಹಾಕಿದ್ದರು. ಎರಡು ತಿಂಗಳು ಮನೆಯಲ್ಲೇ. ಗೆಳೆಯನೊಬ್ಬ ಇಂಗ್ಲಿಷ್ ಪ್ರಕಾಶಕರಾದ ಡಾರ್ಕ್ ಹಾರ್ಸ್‌ನವರ ದಪ್ಪ ಡಿಲಕ್ಸ್ ಪುಸ್ತಕ ತಂದುಕೊಟ್ಟ. ಮೂರು ಸಂಪುಟ ಸೇರಿಸಿ ಒಂದು ಮಾಡಿರುವ, ಕಪ್ಪು ರಟ್ಟಿನ ಪುಸ್ತಕ. ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪುಸ್ತಕ, ಎಡಗೈಯಲ್ಲಿ ಪುಟ ತಿರುಗಿಸುವುದು. ಹಾಗೆ ಓದುವಾಗ ಇಪ್ಪತ್ತರಲ್ಲಿ ಕಾಣದೇ ಇದ್ದದ್ದು ಕಂಡಿತು. ಈ ಕತೆಯಲ್ಲಿ ಆದ ಗಾಯ ಹೋಗುವುದಿಲ್ಲ.

ಗಟ್ಸ್ ಒಂದು ಕಣ್ಣು, ಎಡಗೈ ಎರಡನ್ನೂ ಕಳೆದುಕೊಳ್ಳುತ್ತಾನೆ. ಅವು ಮತ್ತೆ ಬರುವುದಿಲ್ಲ. ಕತ್ತಿನ ಹಿಂದೆ ಒಂದು ಗುರುತು ಸುಟ್ಟಿದೆ. ಕತ್ತಲಾದರೆ ಅದರಿಂದ ರಕ್ತ ಜಿನುಗುತ್ತದೆ, ಪ್ರೇತಗಳು ಅದರ ಜಾಡು ಹಿಡಿದು ಬರುತ್ತವೆ. ರಾತ್ರಿಯಿಡೀ ಹೋರಾಡಬೇಕು, ಬೆಳಕು ಹರಿದ ಮೇಲೆ ಎಲ್ಲೋ ಒರಗಿ ಒಂದಿಷ್ಟು ಕಣ್ಣು ಮುಚ್ಚಬೇಕು. ವರ್ಷಗಟ್ಟಲೆ ಅವನ ಬದುಕು ಇದೇ. ಮಿಯುರಾ ಇದನ್ನು ಮಾತಿನಲ್ಲಿ ವಿವರಿಸುವುದು ಕಡಿಮೆ. ಆ ಮುಖ ಬರೆಯುತ್ತಾರೆ, ಅಷ್ಟೇ. ಗೀರು ಗೀರಾಗಿ ತುಂಬಿದ ಕಪ್ಪು, ಕಣ್ಣಿನ ಕೆಳಗಿನ ಗುಳಿ, ಬಿಗಿದ ದವಡೆ. ಕತೆ ಮರೆತು ಒಂದೇ ಪುಟವನ್ನು ಐದು ನಿಮಿಷ ನೋಡುತ್ತಾ ಕೂತಿದ್ದೇನೆ.

ಇನ್ನೊಂದು ಗಾಯ ಕಣ್ಣಿಗೆ ಕಾಣುವುದಿಲ್ಲ. ಚಿಕ್ಕವನಿದ್ದಾಗ ಅವನನ್ನು ಸಾಕಿದವನೇ ಮೂರು ಬೆಳ್ಳಿ ನಾಣ್ಯಕ್ಕೆ ಅವನನ್ನು ಒಂದು ರಾತ್ರಿ ಇನ್ನೊಬ್ಬ ಸೈನಿಕನಿಗೆ ಒಪ್ಪಿಸಿರುತ್ತಾನೆ. ದೊಡ್ಡವನಾದ ಮೇಲೂ ಯಾರಾದರೂ ಮುಟ್ಟಿದರೆ ಬೆಚ್ಚಿಬೀಳುತ್ತಾನೆ. ಮುಂದೆ ಕಾಸ್ಕಾ ಜೊತೆ ಮೊದಲ ಸಲ ಹತ್ತಿರವಾದಾಗಲೂ ಆ ನೆನಪು ನುಗ್ಗಿಬರುತ್ತದೆ. ಅಷ್ಟು ಪ್ರೀತಿಯ ಗಳಿಗೆಯಲ್ಲಿ, ತನಗೇ ತಿಳಿಯದಂತೆ ಅವಳ ಕತ್ತು ಹಿಸುಕುತ್ತಾನೆ. ಆಮೇಲೆ ಮಗುವಿನ ಹಾಗೆ ನಡುಗುತ್ತಾ ಯಾರಿಗೂ ಹೇಳದ ಕತೆಯನ್ನು ಅವಳಿಗೆ ಹೇಳುತ್ತಾನೆ. ಅವಳು ದೂರ ಸರಿಯುವುದಿಲ್ಲ.

ಇದನ್ನು ಇಪ್ಪತ್ತರಲ್ಲಿ ಓದಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ವಯಸ್ಸಾದಂತೆ ನಮ್ಮ ಸುತ್ತಲೂ ಇಂಥವರು ಕಾಣುತ್ತಾರೆ ಅಲ್ವಾ? ಹೊರಗೆ ಗಟ್ಟಿಮುಟ್ಟಾಗಿದ್ದು, ಒಳಗೆ ಎಲ್ಲೋ ಒಂದು ಕಡೆ ಮುಟ್ಟಿಸಿಕೊಳ್ಳದವರು.

ಎಲ್ಲರೂ ಮಾತಾಡುವುದು 'ಎಕ್ಲಿಪ್ಸ್' ಅನ್ನುವ ಭಾಗದ ಬಗ್ಗೆ. ಗ್ರಿಫಿತ್ ಒಂದು ವರ್ಷ ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿ, ನಾಲಿಗೆ, ಕೈಕಾಲಿನ ಬಲ ಎಲ್ಲ ಕಳೆದುಕೊಂಡಿರುತ್ತಾನೆ. ಕಳೆದುಹೋದ ತನ್ನ ಕನಸನ್ನು ಮತ್ತೆ ಪಡೆಯಲು ತನ್ನನ್ನೇ ನಂಬಿದ್ದ ಇಡೀ ದಂಡನ್ನು ರಾಕ್ಷಸರಿಗೆ ಬಲಿ ಕೊಡುತ್ತಾನೆ. ಆ ಬೆಟ್ಟದ ರಾತ್ರಿ ಕಂಡ ಸಣ್ಣ ಸಣ್ಣ ಬೆಂಕಿಗಳು ಒಂದೊಂದಾಗಿ ಆರುತ್ತವೆ. ಅಲ್ಲಿ ಬರುವ ರಾಕ್ಷಸರ ಚಿತ್ರ ಭಯಂಕರ, ನಿಜ. ಆದರೆ ನನ್ನ ನಿದ್ದೆ ಕೆಡಿಸಿದ್ದು ರಾಕ್ಷಸರಲ್ಲ. ಗ್ರಿಫಿತ್ ಅವರನ್ನೆಲ್ಲ ನಿಜವಾಗಿ ಪ್ರೀತಿಸಿದ್ದ. ಪ್ರೀತಿಸಿದವರನ್ನು ಬಿಟ್ಟರೆ ಅವನ ಹತ್ತಿರ ಬಲಿ ಕೊಡಲು ಬೇರೇನೂ ಇರಲಿಲ್ಲ. ಹತ್ತು ಸಂಪುಟ ಆ ಹುಡುಗರ ಜೊತೆ ಉಂಡು ನಕ್ಕು ಬಂದ ಓದುಗನಿಗೆ ಅದು ಸ್ವಂತ ಮನೆಯಲ್ಲಾದ ಸಾವು.

ಕಾಲೇಜಿನಲ್ಲಿ ಓದಿದ ರನ್ನನ 'ಗದಾಯುದ್ಧ' ನೆನಪಾಗುತ್ತದೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳನ್ನು ದಾಟಿಕೊಂಡು ನಡೆಯುತ್ತಾನೆ. ದ್ರೋಣ ಬಿದ್ದಿದ್ದಾನೆ, ತಮ್ಮ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ಒಬ್ಬೊಬ್ಬರ ಹತ್ತಿರ ನಿಂತು ಅಳುತ್ತಾನೆ. ಸಾವಿರ ವರ್ಷದ ಹಿಂದೆಯೇ ನಮ್ಮ ಕವಿ ಯುದ್ಧದ ಮಧ್ಯೆ ಅಳುವುದಕ್ಕೆ ಅಷ್ಟು ಜಾಗ ಬಿಟ್ಟಿದ್ದ. ಅದನ್ನು ಓದಿ ಬೆಳೆದವರಿಗೆ ಬರ್ಸರ್ಕ್ ತೀರ ಹೊರಗಿನದು ಅನಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾತ್ರ ಗೋಡೊ ಅನ್ನುವ ಮುದಿ ಕಮ್ಮಾರ. ಎಕ್ಲಿಪ್ಸ್ ಆದ ಮೇಲೆ ಗಟ್ಸ್, ಬುದ್ಧಿ ಕಳೆದುಕೊಂಡ ಕಾಸ್ಕಾಳನ್ನು ಇವನ ಆಸರೆಯಲ್ಲಿ ಬಿಟ್ಟು ಎರಡು ವರ್ಷ ಸೇಡಿಗೆ ಅಂತ ಅಲೆಯುತ್ತಾನೆ. ತಿರುಗಿ ಬಂದಾಗ ಕಾಸ್ಕಾ ಕಾಣೆ. ಗೋಡೊ ಆ ಹಾಳಾದ ಕತ್ತಿಯನ್ನು ರಿಪೇರಿ ಮಾಡುತ್ತಲೇ ಬೈಯುತ್ತಾನೆ. ದುಃಖ ತಡೆದುಕೊಳ್ಳಲು ಆಗದವನು ಹೋಗಿ ಸೇರಿಕೊಳ್ಳುವ ಜಾಗ ದ್ವೇಷ, ನೀನು ಅವಳ ಪಕ್ಕದಲ್ಲಿ ಕೂತು ಆ ದುಃಖ ಹಂಚಿಕೊಳ್ಳದೆ ಓಡಿಹೋದೆ ಅನ್ನುವ ಅರ್ಥದ ಮಾತು. ರಾಕ್ಷಸರನ್ನು ಸೀಳಿದ ಮನುಷ್ಯ ಮುದುಕನ ಮುಂದೆ ಬಾಯಿ ಬಿಡುವುದಿಲ್ಲ. ಮೊದಲ ಮೂರು ಸಂಪುಟ ಈ ಅಲೆದಾಟದ ಕಾಲದ್ದೇ. ಅಲ್ಲಿ ನಾನು ನೋಡಿ ಬೇಸರಪಟ್ಟ ಆ ಒಕ್ಕಣ್ಣನ ಕ್ರೌರ್ಯ ಏನು ಅಂತ ಈಗ ಗೊತ್ತಾಯಿತು. ಅದು ಓಡಿಹೋಗುವುದು.

ಎಲ್ಲವನ್ನೂ ಒಪ್ಪುತ್ತೇನೆ ಅಂತ ಅಲ್ಲ. ಹೆಂಗಸರ ಮೇಲಿನ ದೌರ್ಜನ್ಯವನ್ನು ಮಿಯುರಾ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಬರೆದಿದ್ದಾರೆ. ಕೆಲವು ಕಡೆ ಅದು ಕತೆಗೆ ಏನೂ ಕೊಡುವುದಿಲ್ಲ. ಆ ಪುಟಗಳನ್ನು ನಾನು ಬೇಗ ತಿರುಗಿಸುತ್ತೇನೆ. ಆ ಕಾರಣಕ್ಕೆ ಪುಸ್ತಕವನ್ನೇ ಬೇಡ ಅನ್ನುವ ಗೆಳತಿಯರಿದ್ದಾರೆ, ಅವರ ಜೊತೆ ವಾದ ಮಾಡುವುದಿಲ್ಲ. ಕಾಸ್ಕಾ ಎಂಥ ಯೋಧೆ, ಅವಳನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾತಿಲ್ಲದವಳಾಗಿ ಇಟ್ಟಿದ್ದು ನನಗೆ ಇವತ್ತಿಗೂ ನೋವು.

2018ರಲ್ಲಿ ಅವಳಿಗೆ ಪ್ರಜ್ಞೆ ಮರಳಿತು. ಹೇಗೆ ಅನ್ನುವುದನ್ನು ನೀವೇ ಓದಬೇಕು. ಅವಳ ಕನಸಿನೊಳಗೆ ಒಂದು ಗಾಯಗೊಂಡ ನಾಯಿ, ಒಡೆದ ಗೊಂಬೆ ಇರುವ ಶವಪೆಟ್ಟಿಗೆಯನ್ನು ಎಳೆದುಕೊಂಡು ನಡೆಯುತ್ತಿರುತ್ತದೆ. ಗೊಂಬೆಯ ಚೂರುಗಳನ್ನು ಒಂದೊಂದಾಗಿ ಹುಡುಕಿ ಸೇರಿಸುತ್ತಾರೆ. ಕಾಸ್ಕಾ ಕಣ್ಣು ಬಿಡುತ್ತಾಳೆ, ಎಲ್ಲರ ಹೆಸರೂ ನೆನಪಾಗುತ್ತದೆ. ಆಮೇಲೆ ಗಟ್ಸ್ ಮುಖ ನೋಡುತ್ತಾಳೆ. ನೋಡಿದ್ದೇ ಎಕ್ಲಿಪ್ಸ್‌ನ ಆ ದಿನ ಮತ್ತೆ ಕಣ್ಣೆದುರು ಬಂದು ಕಿರುಚುತ್ತಾಳೆ. ಅವಳಿಗಾಗಿ ಅಷ್ಟು ದೂರ ನಡೆದವನು ಅವಳ ಹತ್ತಿರ ಹೋಗುವಂತಿಲ್ಲ. ಸುಲಭವಾಗಿ ಇಬ್ಬರನ್ನೂ ತಬ್ಬಿಸಿಬಿಡಬಹುದಿತ್ತು. ಮಿಯುರಾ ಹಾಗೆ ಮಾಡಲಿಲ್ಲ. ಅವರ ಮೇಲಿನ ನನ್ನ ಗೌರವ ಅಲ್ಲಿ ದುಪ್ಪಟ್ಟಾಯಿತು.

2021ರ ಮೇ 6ರಂದು ಮಿಯುರಾ ತೀರಿಕೊಂಡರು. ಐವತ್ತನಾಲ್ಕು ವರ್ಷ. ಮಹಾಪಧಮನಿ ಹರಿದು ಆದ ಸಾವು. ಸುದ್ದಿ ಹೊರಬಿದ್ದಿದ್ದು ಎರಡು ವಾರದ ಮೇಲೆ. ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ವಿಡಿಯೋ ಗೇಮಿನೊಳಗೆ ಆಟಗಾರರು ಗಟ್ಸ್‌ನ ಹಾಗೆ ಕಪ್ಪು ಕವಚ ತೊಟ್ಟು, ದೊಡ್ಡ ಕತ್ತಿ ಹಿಡಿದು ಬೀದಿಗಳಲ್ಲಿ ಸಾಲಾಗಿ ಸುಮ್ಮನೆ ನಿಂತರು. ಆ ಫೋಟೋ ನೋಡಿ ಗಂಟಲು ಕಟ್ಟಿತ್ತು.

ಕತೆ ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದೆವು. ಆದರೆ ಹೈಸ್ಕೂಲಿನಿಂದ ಅವರ ಗೆಳೆಯರಾಗಿದ್ದ ಮಾಂಗಾ ಕಲಾವಿದ ಕೌಜಿ ಮೋರಿಗೆ ಮಿಯುರಾ ಎಷ್ಟೋ ವರ್ಷದ ಹಿಂದೆಯೇ ಕೊನೆಯವರೆಗಿನ ಕತೆ ಹೇಳಿದ್ದರು. ಮಿಯುರಾ ತನಗೆ ಹೇಳಿದ್ದನ್ನು ಮಾತ್ರ ಬರೆಸುತ್ತೇನೆ, ತನ್ನದೇನೂ ಸೇರಿಸುವುದಿಲ್ಲ ಅಂತ ಮಾತು ಕೊಟ್ಟು, 2022ರ ಜೂನ್‌ನಲ್ಲಿ ಅವರು ಕೆಲಸ ಶುರುಮಾಡಿದರು. ಚಿತ್ರ ಬರೆಯುತ್ತಿರುವವರು ಮಿಯುರಾ ಅವರ ಸಹಾಯಕರೇ. ಗೆರೆಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನನಗೆ ಪರವಾಗಿಲ್ಲ. ಗೆಳೆಯ ಹೇಳಿಹೋದ ಕತೆಯನ್ನು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡವರ ಕೈಯಲ್ಲಿದೆ ಅದು.

ಅತ್ತಿಗೆ ಇದನ್ನು ಓದುತ್ತಾರೆ ಅಂತ ಗೊತ್ತು. ಅತ್ತಿಗೆ, ನೀವು ತೆರೆದದ್ದು ಎಕ್ಲಿಪ್ಸ್‌ನ ಪುಟ. ಮೂರನೆಯ ದಪ್ಪ ಪುಸ್ತಕದಲ್ಲಿ ಬೆಂಕಿಗಳ ರಾತ್ರಿ ಬರುತ್ತದೆ, ಅಲ್ಲಿಗೆ ಒಂದು ಚೀಟಿ ಇಟ್ಟಿದ್ದೇನೆ. ಮುಂದಿನ ಸಲ ಬಂದಾಗ ಅದೊಂದನ್ನು ನೋಡಿ.