ಪದವಿ ಬೇಡ, ಪ್ರಮಾಣಪತ್ರ ಲಗತ್ತಿಸಿ

ಮತ್ತೊಬ್ಬ ಕಂಪನಿ ಯಜಮಾನರ ಬಾಯಿಂದ ಮುತ್ತು ಉದುರಿದೆ. ‘ಕಾಲೇಜು ಶಿಕ್ಷಣ ಶುದ್ಧ ದಂಡ, ನಮಗೆ ಪದವಿ ಬೇಕಿಲ್ಲ, ಕೌಶಲವಿದ್ದರೆ ಸಾಕು.’ ನೀವೂ ಓದಿರುತ್ತೀರಿ. ಆಗಾಗ ಯಾರಾದರೊಬ್ಬರು ಇದನ್ನು ಹೇಳುತ್ತಲೇ ಇರುತ್ತಾರೆ, ಈ ಸಲ ಇವರ ಸರದಿ. ಅವರ ಧೈರ್ಯವನ್ನು ಮೆಚ್ಚಲೇಬೇಕು. ಬೆನ್ನ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ತಮ್ಮದೇ ಪದವಿಪತ್ರ ಕ್ಯಾಮೆರಾಕ್ಕೆ ಬೀಳದಂತೆ ಕುರ್ಚಿ ಸರಿಸಿಕೊಂಡು ಇಷ್ಟನ್ನು ಹೇಳುವುದು ಸುಲಭದ ಕೆಲಸವಲ್ಲ.

ಮಾತಿನಿಂದ ಹುರುಪು ಬಂದಿದ್ದರೆ ಅವರದೇ ಕಂಪನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ನೋಡಿ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ. ಅದರ ಕೆಳಗೆ ‘ವಿದ್ಯಾರ್ಹತೆ’, ಪಕ್ಕದಲ್ಲೊಂದು ಕೆಂಪು ನಕ್ಷತ್ರ. ಒತ್ತಿದರೆ ಪಟ್ಟಿ ಇಳಿಯುತ್ತದೆ: ಸ್ನಾತಕ, ಸ್ನಾತಕೋತ್ತರ, ಡಾಕ್ಟರೇಟ್. ಕೌಶಲ ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಖಾಲಿ ಬಿಟ್ಟು ಮುಂದೆ ಹೋಗೋಣವೆಂದರೆ ‘ಮುಂದುವರಿಯಿರಿ’ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿರುತ್ತದೆ. ಯಜಮಾನರ ಭಾಷಣ ಆ ಗುಂಡಿಯವರೆಗೆ ಇನ್ನೂ ತಲುಪಿಲ್ಲ.

ಇದು ನನ್ನ ಕೊಂಕು ಅಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಉದ್ಯೋಗ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಸೇರಿ 2024ರಲ್ಲಿ ಲೆಕ್ಕ ಹಾಕಿದವು. ಪದವಿಯ ಷರತ್ತನ್ನು ಕಿತ್ತುಹಾಕಿದೆವು ಎಂದು ಕಂಪನಿಗಳು ಅಷ್ಟೆಲ್ಲ ಡಂಗುರ ಹೊಡೆದ ಮೇಲೆ, ಅಮೆರಿಕದಲ್ಲಿ ಅದರಿಂದ ನಿಜವಾಗಿ ಬದಲಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಅದೇ ಹಾರ್ವರ್ಡ್‌ನವರ 2017ರ ಅಧ್ಯಯನ ಇನ್ನೂ ಸೊಗಸಾಗಿದೆ. ಕಾರ್ಖಾನೆಯ ಉತ್ಪಾದನಾ ಮೇಲ್ವಿಚಾರಕರ ಹುದ್ದೆಯ ಜಾಹೀರಾತುಗಳಲ್ಲಿ ಶೇ 67ರಷ್ಟು ಪದವಿ ಕೇಳುತ್ತಿದ್ದವು. ಆಗಲೇ ಆ ಕುರ್ಚಿಯಲ್ಲಿ ಕುಳಿತು ಕೆಲಸ ನಡೆಸುತ್ತಿದ್ದವರಲ್ಲಿ ಪದವಿ ಇದ್ದವರು ಶೇ 16. ಎಂದರೆ, ಕೆಲಸ ಬಲ್ಲ ಬಹುತೇಕ ಮಂದಿ ತಮ್ಮದೇ ಕೆಲಸಕ್ಕೆ ಅನರ್ಹರು.

ಪೇಪಾಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ, ಅಮೆರಿಕದ ಹೂಡಿಕೆದಾರ ಪೀಟರ್ ಥೀಲ್ ಅವರನ್ನು ಮಾತ್ರ ಮನಸಾರೆ ಹೊಗಳಬೇಕು. ಕಾಲೇಜು ಬಿಟ್ಟು ಹೊಸದೇನಾದರೂ ಕಟ್ಟುತ್ತೇವೆ ಎನ್ನುವ ಎಳೆಯರಿಗೆ ತಲಾ 1 ಲಕ್ಷ ಡಾಲರ್ ಕೊಡುವ ಯೋಜನೆಯನ್ನು ಅವರು 2011ರಲ್ಲಿ ಶುರುಮಾಡಿದರು. ಸ್ವತಃ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದು, ಅದು ಸಾಲದೆಂದು ಅಲ್ಲಿಯೇ ಕಾನೂನು ಪದವಿಯನ್ನೂ ಪಡೆದವರು. ಎರಡೆರಡು ಬಾರಿ ಪರೀಕ್ಷಿಸಿದ ಮೇಲೆಯೇ ತೀರ್ಮಾನಕ್ಕೆ ಬಂದಿದ್ದಾರೆ. ವೈಜ್ಞಾನಿಕ ಮನೋಭಾವ ಎಂದರೆ ಇದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿಂದಿನವರು ಸುಮ್ಮನೆ ಆಡಿಕೊಂಡರು. ಹಾರ್ವರ್ಡನ್ನು ಅರ್ಧಕ್ಕೆ ಬಿಟ್ಟ ಬಿಲ್ ಗೇಟ್ಸ್ ಅವರಿಗೆ ಅದೇ ಹಾರ್ವರ್ಡ್ 2007ರಲ್ಲಿ ಗೌರವ ಪದವಿ ಕೊಟ್ಟು ಕಳಿಸಿತು, ಮಾರ್ಕ್ ಝುಕರ್‌ಬರ್ಗ್ ಅವರಿಗೆ 2017ರಲ್ಲಿ. ಬಿಟ್ಟುಹೋದವರು ವೇದಿಕೆಯ ಮೇಲೆ, ಉಳಿದು ಓದಿದವರು ಕೆಳಗೆ ಗೌನು ತೊಟ್ಟು ಚಪ್ಪಾಳೆ ತಟ್ಟುತ್ತಾ. ನಾಲ್ಕು ವರ್ಷದ ಪಾಠದಲ್ಲಿ ಕಲಿಯದೆ ಹೋದದ್ದನ್ನು ಆ ಒಂದು ನೋಟವೇ ಕಲಿಸಿರಬೇಕು.

ಕಾಸಿಗೆ ತಕ್ಕ ಕಜ್ಜಾಯ ಬೇಕೆಂದು ನಿಜವಾಗಿ ಹಟ ಹಿಡಿದವರು ಬೊಲೋನ್ಯಾದ ವಿದ್ಯಾರ್ಥಿಗಳು. ಇಟಲಿಯ ಆ ವಿಶ್ವವಿದ್ಯಾಲಯ 1088ರಲ್ಲಿ ಹುಟ್ಟಿತೆಂದು ರೂಢಿಯ ಮಾತು. ಅಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು, ಪಾಠ ಹೇಳುವವರಿಗೆ ಸಂಬಳ ಕೊಟ್ಟು, ಅವರ ಮೇಲೆ ಕಾನೂನು ಹೇರಿದ್ದರು. ಗಂಟೆ ಬಾರಿಸಿದ ಕೂಡಲೇ ಪಾಠ ಶುರುವಾಗಬೇಕು, ತಡವಾದರೆ ದಂಡ. ಮುಂದಿನ ಗಂಟೆ ಬಾರಿಸಿದ ಮೇಲೂ ಎಳೆಯುತ್ತಿದ್ದರೆ ದಂಡ. ಕಷ್ಟದ ಅಧ್ಯಾಯವನ್ನು ‘ಇದು ನೀವೇ ಓದಿಕೊಳ್ಳಿ’ ಎಂದು ಹಾರಿಸಿದರೆ ಅದಕ್ಕೂ ದಂಡ. ಪಾಠಕ್ಕೆ ಐದು ಮಂದಿಯೂ ಬಾರದಿದ್ದರೆ ಅಧ್ಯಾಪಕರೇ ಗೈರುಹಾಜರಾದಂತೆ ಲೆಕ್ಕ. ಊರು ಬಿಟ್ಟು ಹೋಗಬೇಕಾದರೆ ಮರಳಿ ಬರುವ ಖಾತರಿಗೆ ಠೇವಣಿ ಇಟ್ಟು ಹೋಗಬೇಕು. ಈ ನಿಯಮಗಳನ್ನು ಇವತ್ತು ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ವಾರ ಜಾರಿಗೆ ತರಬೇಕು. ದಂಡದ ಹಣದಲ್ಲೇ ಅರ್ಧ ವಿದ್ಯಾರ್ಥಿಗಳ ಶುಲ್ಕ ತೀರುತ್ತದೆ, ಉಳಿದರ್ಧ ಮಂದಿಗೆ ಪಾಠ ಹೇಳಲು ಯಾರೂ ಉಳಿದಿರುವುದಿಲ್ಲ.

ಈಗಿನ ವಿದ್ಯಾರ್ಥಿಗೆ ಸಿಗುವುದು ಬೇರೆ ಬಗೆಯ ಭಾಗ್ಯ. ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳ ಆಕಾರದಲ್ಲಿ ಈಜುಕೊಳದಂಥ ಕೃತಕ ನದಿಯೊಂದನ್ನು 2017ರಲ್ಲಿ ತೆರೆಯಿತು. ದುಡ್ಡು ವಿದ್ಯಾರ್ಥಿಗಳ ಶುಲ್ಕದ್ದು. ತಮ್ಮದೇ ಹಣದಲ್ಲಿ ಹರಿಯುವ ನೀರಿನ ಮೇಲೆ ರಬ್ಬರ್ ಬಳೆಯಲ್ಲಿ ಅಂಗಾತ ಮಲಗಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರಕ್ಕೆ ತೇಲಿಹೋಗುವ ಅವಕಾಶ. ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಸುಖದ ದಾರಿ ಇನ್ನೊಂದಿಲ್ಲ.

ಅಮೆರಿಕದ ವಿದ್ಯಾರ್ಥಿ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ದಿವಾಳಿಯಾದವನ ಕ್ರೆಡಿಟ್ ಕಾರ್ಡ್ ಸಾಲವನ್ನು ಅಲ್ಲಿನ ನ್ಯಾಯಾಲಯ ಮನ್ನಾ ಮಾಡುತ್ತದೆ. ವಿದ್ಯಾರ್ಥಿ ಸಾಲಕ್ಕೆ ಆ ಕರುಣೆ ಬೇಕೆಂದರೆ ಬೇರೆಯದೇ ಮೊಕದ್ದಮೆ ಹೂಡಿ, ತೀರಿಸುವುದು ತನ್ನಿಂದ ಸಾಧ್ಯವೇ ಇಲ್ಲವೆಂದು ಸಾಬೀತು ಮಾಡಬೇಕು. ಮೋಜಿಗೆ ಸಾಲ ಮಾಡಿದವನಿಗೆ ಸುಲಭದ ಬಿಡುಗಡೆ, ಓದಿಗೆ ಮಾಡಿದವನಿಗೆ ಕಟಕಟೆ.

ಇಲ್ಲಿ ನನಗೆ ನಗು ಬರುವುದಿಲ್ಲ. ಕಾಲೇಜು ಖರ್ಚಿಗೆ ತಕ್ಕದ್ದೇ ಎಂಬ ಈ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ ಎಂದು ಗಮನಿಸಿ. ಹಣವಂತರ ಮಕ್ಕಳಿಗೆ ಯಾರೂ ಕೇಳುವುದಿಲ್ಲ. 2019ರಲ್ಲಿ ಅಮೆರಿಕದ ಕೇಂದ್ರ ತನಿಖಾಧಿಕಾರಿಗಳು ಬಯಲಿಗೆಳೆದ ಪ್ರವೇಶ ಹಗರಣ ನೆನಪಿರಬೇಕು: ನಟಿಯರು, ಹೂಡಿಕೆದಾರರು, ವಕೀಲರು ತರಬೇತುದಾರರಿಗೆ ಲಂಚ ಕೊಟ್ಟು, ಮಕ್ಕಳು ಆಡದ ಆಟದಲ್ಲಿ ಅವರನ್ನು ಆಟಗಾರರೆಂದು ತೋರಿಸಿ ಸೀಟು ಕೊಂಡಿದ್ದರು. ಯಾರದೋ ಆಟಗಾರನ ಮೈಗೆ ಮಗನ ಮುಖ ಅಂಟಿಸಿದ ಫೋಟೊಗಳೂ ಸಿಕ್ಕಿದವು. ಕೆಲಸಕ್ಕೆ ಬಾರದ ಸರಕಿಗಾಗಿ ಯಾರೂ ಜೈಲಿಗೆ ಹೋಗುವುದಿಲ್ಲ. ಇವರು ಹೋಗಿದ್ದಾರೆ.

ಇಂಗ್ಲೆಂಡಿನಲ್ಲಿ 1998ರವರೆಗೆ ಅಲ್ಲಿನ ಮಕ್ಕಳು ಪದವಿಗೆ ಬೋಧನಾ ಶುಲ್ಕವನ್ನೇ ಕಟ್ಟಬೇಕಿರಲಿಲ್ಲ. 2012ರ ಹೊತ್ತಿಗೆ ವರ್ಷಕ್ಕೆ 9,000 ಪೌಂಡ್‌ವರೆಗೆ ಕೀಳಬಹುದೆಂದಾಯಿತು. ಶುಲ್ಕ ಹೇರಿದ ಸಂಸತ್ತಿನಲ್ಲಿ ಬಿಟ್ಟಿ ಓದಿ ಮೇಲೆ ಬಂದವರು ತುಂಬಿದ್ದರು. ಏಣಿ ಹತ್ತಿ ಮಾಳಿಗೆ ಸೇರಿದವರು ಏಣಿಯನ್ನು ಬಾಡಿಗೆಗೆ ಬಿಟ್ಟರು. ಈಗ ಕೆಲವರು ಮಾಳಿಗೆಯಿಂದಲೇ ಬಗ್ಗಿ, ಹತ್ತುವುದರಿಂದ ಏನೂ ಉಪಯೋಗವಿಲ್ಲ ಕಣಯ್ಯ ಎನ್ನುತ್ತಿದ್ದಾರೆ.

ಅಂಕಿಅಂಶ ಕೇಳಿದರೆ ಉತ್ತರ ಸಿದ್ಧವಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಪದವೀಧರರ ಸಾಲಿನಲ್ಲಿ ನಟ್ಟನಡುವೆ ನಿಂತವನ ವಾರದ ಗಳಿಕೆ 1,493 ಡಾಲರ್, ಪ್ರೌಢಶಾಲೆಗೆ ನಿಲ್ಲಿಸಿದವನದು 899. ಹಾಗಾದರೆ ಲಾಭವೇ. ಆದರೆ ಮೂರನೆಯ ವರ್ಷ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರೆಂದು ಓದು ಬಿಟ್ಟ ಹುಡುಗಿ ಆ 1,493ರಲ್ಲಿ ಇಲ್ಲ. ಅವಳ ಕೈಯಲ್ಲಿ ಪದವಿಯೂ ಇಲ್ಲ, ತಲೆಯ ಮೇಲಿನ ಸಾಲ ಮಾತ್ರ ಪೂರ್ತಿ ಇದೆ. ಅವಳೂ ಕಾಲೇಜನ್ನು ಅರ್ಧಕ್ಕೆ ಬಿಟ್ಟವಳೇ. ಗೌರವ ಪದವಿಗೆ ಯಾರೂ ಕರೆದಿಲ್ಲ.

ಓದು ಮುಗಿಸಿದವರನ್ನು ಮಾತ್ರ ವಿಶ್ವವಿದ್ಯಾಲಯ ಕೈಬಿಡುವುದಿಲ್ಲ. ಸಾಲದ ಕಂತು ಕಟ್ಟಿ ಮುಗಿಯುವ ಮೊದಲೇ ಹಳೆಯ ವಿದ್ಯಾರ್ಥಿಗಳ ವಿಭಾಗದಿಂದ ನುಣುಪು ಕಾಗದದ ಪತ್ರ ಬರುತ್ತದೆ. ‘ನಿಮ್ಮನ್ನು ರೂಪಿಸಿದ ಸಂಸ್ಥೆಗೆ ಏನನ್ನಾದರೂ ಮರಳಿಸುವ ಕಾಲ ಬಂದಿದೆ’. ಕೆಳಗೆ ದೇಣಿಗೆಯ ಮೊತ್ತಕ್ಕೆ ನಾಲ್ಕು ಚೌಕ. ಅತಿ ಚಿಕ್ಕ ಮೊತ್ತದ ಪಕ್ಕದಲ್ಲಿ, ಮುಜುಗರ ಬೇಡವೆಂದು, ‘ಕಂತುಗಳಲ್ಲಿಯೂ ಪಾವತಿಸಬಹುದು’.